ಜಡತ್ವ ಎಂಬ ಜಡ್ಡು

ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ಯಂಕಪ್ಪ ಸತ್ತ. ಮಣ್ಣು ಮಾಡಿದ ಮೂರನೆಯ ದಿನವೇ ಅವನ ಹೆಂಡತಿ ಮರಗಮ್ಮ ಅದೇ ಕಟ್ಟಡಕ್ಕೆ ಇಟ್ಟಿಗೆ ಹೊರಲು ಹೋದಳು. "ಕಣ್ಣಾಗ ಒಂದು ಹನಿ ನೀರಿಲ್ಲ, ಕಲ್ಲಿನ ಎದಿ ಆಕಿದು," ಎಂದು ಅವರು ವಾಸವಿದ್ದ ಮಾಜಿವಾಡಾದ ಚಾಳಿನ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ! ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಎದೆ ಕಲ್ಲೋ ಮಣ್ಣೋ ಎಂದು ಮುಟ್ಟಿ ನೋಡಿಕೊಳ್ಳಲೂ ಮರಗಮ್ಮನಿಗೆ ಪುರುಸೊತ್ತಿರಲಿಲ್ಲ.

ಕೆಲವು ವಾರಗಳ ನಂತರ ಒಂದು ಸಂಜೆ, ಮರಾಠಿ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದ ಮಗಳು ಮಲ್ಲಿಕಾ ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. "ಜಡತ್ವ, ಜಡತ್ವ" ಎಂಬುದು ಪಾತ್ರೆ ತೊಳೆಯುತ್ತಿದ್ದ ತಾಯಿಯ ಕಿವಿಗೆ ಬಿತ್ತು. ಅವಳ ಊರ ಕಡೆ ಜಡ್ಡು ಎಂದರೆ ಕಾಯಿಲೆ.

"ಎಂಥಾ ಜಡ್ಡವಾ ಅದು?"

"ಬೀಮಾರಿ ಅಲ್ಲವ್ವಾ, ಜಡತ್ವ. ನಿಂತದ್ದು ನಿಂತೇ ಇರ್ತದ, ಓಡೋದು ಓಡ್ತಾನೇ ಇರ್ತದ. ಹೊರಗಿಂದ ಯಾರರೆ ದೂಡೋತನಕ, ಇಲ್ಲಾ ತಡಿಯೋತನಕ."

"ತಡದ್ರ?"

"ಲೋಕಲ್ ಗಾಡಿ ಬ್ರೇಕ್ ಹಾಕಿದ್ರ ಒಳಗಿನ ಮಂದಿ ಮುಂದ ಬೀಳ್ತಾರಲ್ಲ, ಹಂಗ. ಗಾಡಿ ನಿಲ್ತದ, ಮೈ ನಿಲ್ಲಂಗಿಲ್ಲ."

ಮರಗಮ್ಮ ಕೊನೆಯ ತಾಟನ್ನು ತೊಳೆದು ಬೋರಲು ಹಾಕಿದಳು. ಮಲ್ಲಿಕಾ ಪುಸ್ತಕ ಬಿಟ್ಟು ಎದ್ದು ಬಂದು ಅವ್ವನ ಒದ್ದೆ ಕೈ ಹಿಡಿದಳು.

"ಆತಲ್ಲವ್ವಾ, ಜರಾ ಕುಂಡ್ರು ಬಾ."

"ತಡೀಬ್ಯಾಡ ಬಿಡವಾ, ಬೀಳ್ತೀನಿ."

ಕೈ ಬಿಡಿಸಿಕೊಂಡ ಮರಗಮ್ಮ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂತಳು.