ಫರ್ನೇಸಿನೊಳಗಿನ ಸಮೋಸಾ

ಶಾಖ ಕೊಡುವಾಗ ಫರ್ನೇಸಿನ ಬಾಗಿಲು ತೆರೆಯಬಾರದು, ಒಳಗೆ ಪ್ಲೇಟಿನ ಹೊರತು ಬೇರೇನನ್ನೂ ಇಡಬಾರದು. ಲಂಡನ್ನಿನ ಕ್ರೋಯ್ಡನ್‌ನ ಆ ಲ್ಯಾಬಿನಲ್ಲಿ ಈ ನಿಯಮವನ್ನು ಗೋಡೆಗೇ ಅಂಟಿಸಿದ್ದರು. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒತ್ತಿ ಬೆಸೆದ ಪ್ಲೇಟುಗಳವು. ಶಾಖ ಸಾಲದಿದ್ದರೆ ಬಗ್ಗಿಸುವಾಗ ಬಿರಿಯುತ್ತವೆ. ಹೆಚ್ಚಾದರೆ ಬೆಸುಗೆಯೇ ಪೆಡಸಾಗಿ ಎರಡು ಲೋಹಗಳೂ ಬಿಟ್ಟುಕೊಳ್ಳುತ್ತವೆ. ಕೊಳ್ಳುವವರ ಪರವಾಗಿ ತಪಾಸಣೆಗೆ ಹೋದವನು ನಾನು.

ಫರ್ನೇಸಿನ ಗ್ರಾಫಿನಲ್ಲಿ ತಾಪಮಾನ ಮೂರು ಸಲ ಕುಸಿದಿತ್ತು. "ಇದೇನಿದು?" ಎಂದು ಗದರಿದೆ.

"ಮೈಕ್ರೋವೇವ್ ಕೆಟ್ಟಿದೆ," ಎಂದ ಲ್ಯಾಬಿನ ಮ್ಯಾನೇಜರ್, ಒಂದಿಷ್ಟೂ ಸಂಕೋಚವಿಲ್ಲದೆ. "ಮೊದಲನೆಯದು ನನ್ನ ಊಟದ ಪೈ, ಎರಡನೆಯದು ರಿಸೆಪ್ಷನ್‌ನವಳ ಪಾಸ್ತಾ. ಪ್ಲೇಟು ಒಯ್ಯೋ ಲಾರಿ ಕಾಯ್ತಿದೆ, ಪಾಸ್ ಅಂತ ಬರೆದುಬಿಡೋಣ."

"ನಾಚಿಕೆಯಾಗಬೇಕು! ಮೂರನೆಯದು ಯಾರದು?"

ಟೆಕ್ನಿಷಿಯನ್ ಜೆಸಿಂತಾ ಉಡುಪಿಯವರು. ಕನ್ನಡದಲ್ಲೇ ಹೇಳಿದರು: "ನಿಮ್ಮ ಕೈಯಲ್ಲೇ ಉಂಟಲ್ಲ ಸರ್, ಸಮೋಸಾ. ಬಿಸಿ ಇದ್ರೆ ಮಾತ್ರ ತಿನ್ನೋದು ಅಂತ ಹೇಳಿದ್ದು ನೀವೇ ಮಾರಾಯ್ರೆ."

ಅರ್ಧ ತಿಂದಾಗಿತ್ತು. "ಮೂರೇ ಸಲ ಅಲ್ವಾ, ಹೋಗಲಿ ಬಿಡಿ," ಎಂದೆ ಮೆಲ್ಲಗೆ.

ಜೆಸಿಂತಾ ಬಿಡಲಿಲ್ಲ. ವರದಿಯಲ್ಲಿ 'ತಿರಸ್ಕೃತ' ಎಂದು ಬರೆದರು. ಆಮೇಲೆ ನನ್ನ ಕೈಯಲ್ಲಿ ಉಳಿದಿದ್ದ ಅರ್ಧ ಸಮೋಸಾವನ್ನು ತೆಗೆದುಕೊಂಡು, ಸ್ಯಾಂಪಲ್ ಚೀಲಕ್ಕೆ ಹಾಕಿ, ಅದಕ್ಕೊಂದು ನಂಬರ್ ಅಂಟಿಸಿ, ವರದಿಗೆ ಪಿನ್ ಮಾಡಿದರು.