ಪಥ್ಯ ತಪ್ಪಿದವಳು

ನನ್ನ ತಂಗಿ ನಾಗರತ್ನ ಮೈಯೆಲ್ಲ ನೋವು ಎಂದಾಗ ನಾನು ಅವಳಿಗೆ ಪುಡಿ ಕೊಟ್ಟೆ, ಎಣ್ಣೆ ಕೊಟ್ಟೆ, ಲೇಹ್ಯ ಕೊಟ್ಟೆ, ಬುದ್ಧಿವಾದವನ್ನಂತೂ ಕೇಳದೆಯೇ ಕೊಟ್ಟೆ. ಅವಳ ಮಾತನ್ನು ಮಾತ್ರ ನಂಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಹೋದರೆ ನಡುವೆ ಎಲ್ಲಾದರೂ ನಿಮ್ಮ ಕನಿಕರ ಗಿಟ್ಟಿಸಿಕೊಂಡುಬಿಡುತ್ತೇನೆ. ವ್ಯಾಪಾರದವನು ನಾನು, ಆ ಕಲೆ ಚೆನ್ನಾಗಿ ಬರುತ್ತದೆ.

ಇವತ್ತು ಬೆಳಿಗ್ಗೆ ಅಂಗಡಿಯ ಒಂದು ಹಳೆಯ ಡಬ್ಬ ತೊಳೆಯೋಣವೆಂದು ಮುಚ್ಚಳ ತೆಗೆದೆ. ಒಣಶುಂಠಿ, ಹಿಪ್ಪಲಿ, ಅಶ್ವಗಂಧ ಬೆರೆತ ಘಾಟು ಮೂಗಿಗೆ ಹೊಡೆಯಿತು. ಡಬ್ಬ ಖಾಲಿಯಾಗಿ ತಿಂಗಳುಗಳೇ ಕಳೆದಿವೆ, ವಾಸನೆ ಬಿಟ್ಟಿಲ್ಲ. ಸೋಪು ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಕೈಗೆ ಹತ್ತಿತೇ ಹೊರತು ಡಬ್ಬದಿಂದ ಹೋಗಲಿಲ್ಲ. ಸಿಟ್ಟು ಬಂದು ಡಬ್ಬವನ್ನು ನೆಲಕ್ಕೆ ಕುಕ್ಕಿದೆ. ಡಬ್ಬದ ಮೇಲೆ ಸಿಟ್ಟು ಮಾಡುವುದು ಸುಲಭ, ಅದು ತಿರುಗಿ ಏನೂ ಹೇಳುವುದಿಲ್ಲ. ನನ್ನ ತಂಗಿಯೂ ಹಾಗೆಯೇ ಇದ್ದಳು.

ನಮ್ಮದು ಚಾಮರಾಜಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಅರಿಶಿನ ಕುಂಕುಮ, ಊದುಬತ್ತಿ, ಬೇರು, ತೊಗಟೆ, ಬಾಣಂತಿ ಖಾರದ ಸಾಮಾನು, ಇಂಥವನ್ನೆಲ್ಲ ಮಾರುವ ಅಂಗಡಿ. ಮಾಗಡಿ ಕಡೆಯ ಹಳ್ಳಿಯಿಂದ ಬಂದ ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಆಮೇಲೆ ಇದನ್ನು ಇಟ್ಟರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಲ್ಲಾ ಪಕ್ಕ ಕೂತವನು. ಕೆಮ್ಮಿಗೆ ಏನು, ಮಂಡಿನೋವಿಗೆ ಏನು ಎಂದು ಗಿರಾಕಿಗಳು ಕೇಳುತ್ತಾರೆ. ಹೇಳುತ್ತಾ ಹೇಳುತ್ತಾ ನಾಲಗೆ ಪಳಗುತ್ತದೆ. ಕೆಲವರು ತಮಾಷೆಗೆ ‘ಏನ್ ಡಾಕ್ಟ್ರೇ’ ಎನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗುವುದನ್ನು ಬಿಟ್ಟು ಗಂಭೀರವಾಗಿ ತಲೆಯಾಡಿಸತೊಡಗಿದೆ.

ಅಪ್ಪ ಕಲಿಸಿಕೊಟ್ಟ ಒಂದು ಮಾತಿತ್ತು. ಔಷಧಿ ನಾಟದೆ ಹೋದರೆ ಔಷಧಿಯದು ತಪ್ಪಲ್ಲ, ರೋಗಿ ಪಥ್ಯ ತಪ್ಪಿದ್ದಾನೆ. ಎಂಥ ಅನುಕೂಲದ ಮಾತು ನೋಡಿ. ವಾಸಿಯಾದರೆ ಅಂಗಡಿಯವನ ಕೈಗುಣ, ಆಗದಿದ್ದರೆ ತಿಂದವನ ನಾಲಗೆಯ ದೋಷ. ಈ ಒಂದು ಮಾತಿನ ಮೇಲೆ ನಮ್ಮ ಅಂಗಡಿ ಎರಡು ತಲೆಮಾರು ನಿಂತಿದೆ.

ನಾಗು ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಮನೆ ಅಂಗಡಿಯ ಹಿಂದೆಯೇ. ಸೀರೆಗಳಿಗೆ ಫಾಲ್ ಹೊಲಿದುಕೊಂಡು, ನನ್ನ ಹೆಂಡತಿಗೆ ಅಡುಗೆಯಲ್ಲಿ ಆಸರೆಯಾಗಿದ್ದಳು. ಒಂದು ವರ್ಷ ಕಳೆದಿರಬೇಕು, ಬೆಳಿಗ್ಗೆ ಏಳುವಾಗ ಯಾರೋ ದೊಣ್ಣೆಯಲ್ಲಿ ಬಡಿದು ಹೋದ ಹಾಗಿರುತ್ತದೆ ಎನ್ನತೊಡಗಿದಳು. ಹೆಗಲು, ಬೆನ್ನು, ತೊಡೆ, ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಎಷ್ಟು ನಿದ್ದೆ ಮಾಡಿದರೂ ನಿದ್ದೆ ಮಾಡಿದ ಹಾಗಿಲ್ಲ. ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ. ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿತ್ತು. ಡಾಕ್ಟರು ಅವಳ ಮುಖವನ್ನೂ ನೋಡದೆ, ಏನೂ ಇಲ್ಲ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಎಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವತ್ತು ಅವರ ಮಾತು ಕೇಳಿ ನನಗೆ ಖುಷಿಯಾಗಿತ್ತು ಎನ್ನುವುದನ್ನು ಎಲ್ಲಿ ಮುಚ್ಚಿಡಲಿ? ಏನೂ ಇಲ್ಲ ಎಂದರೆ ಏನೂ ಇಲ್ಲ. ನಾನು ಅಂದುಕೊಂಡಿದ್ದೂ ಅದನ್ನೇ.

ಅವಳ ನೋವಿಗೆ ಒಂದು ಕೆಟ್ಟ ಗುಣವಿತ್ತು, ಕೆಲವು ದಿನ ಅದು ಕಾಣಿಸುತ್ತಲೇ ಇರಲಿಲ್ಲ. ಬಸವನಗುಡಿಯ ಛತ್ರದಲ್ಲಿ ನೆಂಟರ ಮದುವೆ. ಅವತ್ತು ರೇಷ್ಮೆ ಸೀರೆಯುಟ್ಟು ಎಲ್ಲರ ಜೊತೆ ನಗುನಗುತ್ತಾ ಓಡಾಡಿದಳು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಹೇಳಿದೆ.

“ಮದ್ವೇಲಿ ಕುಣಿಯೋಕೆ ನೋವಿರ್ಲಿಲ್ಲ. ಪಾತ್ರೆ ನೋಡಿದ ತಕ್ಷಣ ಬಂದ್ಬಿಡ್ತಾ?”

ಅವಳು ಗೋಡೆಯ ಕಡೆ ಹೊರಳಿದಳು. ಹೊರಳುವುದಕ್ಕೂ ಎಷ್ಟು ಹೊತ್ತು ತೆಗೆದುಕೊಂಡಳು ಎನ್ನುವುದು ನನಗೆ ಈಗ ನೆನಪಾಗುತ್ತದೆ. ಆಗ ನಾನು ನೋಡುತ್ತಿದ್ದೆ, ಅಷ್ಟೆ.

ನಂಬದವನು ಸುಮ್ಮನಾದರೂ ಇರಬೇಕಿತ್ತು. ನಾನು ಸಂಶೋಧನೆಗೆ ಇಳಿದೆ. ಮಾರ್ಕೆಟ್ಟಿನ ಸಗಟು ವ್ಯಾಪಾರಿಗಳನ್ನು ಕೇಳಿದೆ, ಕಲಾಸಿಪಾಳ್ಯದಲ್ಲಿ ಮೈ ತಿಕ್ಕುವವನೊಬ್ಬನನ್ನು ಹಿಡಿದೆ, ಫೋನಿನಲ್ಲಿ ವಿಡಿಯೊ ನೋಡಿದೆ. ಪ್ರತಿಯೊಬ್ಬನೂ ಡಾಕ್ಟರುಗಳು ನಿಮಗೆ ಹೇಳದ ಗುಟ್ಟು ಎಂದು ಶುರುಮಾಡಿ, ಕೊನೆಗೆ ತನ್ನ ಬಾಟಲಿ ತೋರಿಸುತ್ತಿದ್ದ. ಎಲ್ಲರಿಂದಲೂ ಒಂದಿಷ್ಟು ಕದ್ದು ನಾನೇ ಒಂದು ಪುಡಿ ಮಾಡಿದೆ, ಇವತ್ತು ಬೆಳಿಗ್ಗೆ ತೊಳೆದೆನಲ್ಲ, ಆ ಡಬ್ಬದ ತುಂಬ. ಮೈ ತಿಕ್ಕುವವನು ತಿಕ್ಕಿ ಹೋದ ಮೇಲೆ ನಾಗು ವಾರವಿಡೀ ಕೈ ಎತ್ತಲಿಲ್ಲ. ಕೆಟ್ಟ ವಾಯು ಹೊರಗೆ ಬರ್ತಿದೆ, ತಡ್ಕೋ ಎಂದೆ. ಪುಡಿ ನಾಟಲಿಲ್ಲ. ಹಾಗಾದರೆ ಪಥ್ಯ. ಬದನೆಕಾಯಿ ಬಿಡಿಸಿದೆ. ಆಲೂಗಡ್ಡೆ, ಹುಳಿ, ಮೊಸರು ಬಿಡಿಸಿದೆ. ಆಮೇಲೆ ಕಾಫಿಯನ್ನೂ ಬಿಡಿಸಿದೆ. ನಾವೆಲ್ಲ ಅವಳ ಎದುರಿಗೇ ಕೂತು ಕಾಫಿ ಹೀರುತ್ತಿದ್ದೆವು, ಅವಳು ಜೀರಿಗೆ ನೀರು ಕುಡಿಯುತ್ತಿದ್ದಳು. ಒಂದು ಸಂಜೆ ನನ್ನ ಹೆಂಡತಿ ಕದ್ದು ಅವಳಿಗೆ ಅರ್ಧ ಲೋಟ ಕೊಟ್ಟದ್ದು ಕಣ್ಣಿಗೆ ಬಿತ್ತು. ನೋಡಿ, ಕಳ್ಳಿ ಸಿಕ್ಕಿಬಿದ್ದಳು. ಇಷ್ಟು ದಿನ ಪುಡಿ ಏಕೆ ನಾಟಲಿಲ್ಲ ಎನ್ನುವುದಕ್ಕೆ ನನಗೆ ಕಾರಣ ಸಿಕ್ಕಿತು. ಇಬ್ಬರನ್ನೂ ನಿಲ್ಲಿಸಿಕೊಂಡು ಬೈದೆ. ಅರ್ಧ ಲೋಟ ಕಾಫಿಗೆ.

ಅದಾದ ಸ್ವಲ್ಪ ದಿನಕ್ಕೆ ನಾಗು, “ಕಮ್ಮಿ ಆಗಿದೆ ಅಣ್ಣ” ಎಂದಳು.

ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಪಥ್ಯ ಸಡಿಲಿಸಿದೆ, ಪುಡಿಯನ್ನು ಪೊಟ್ಟಣ ಕಟ್ಟಿ ಮಾರತೊಡಗಿದೆ. ಗಿರಾಕಿ ಅನುಮಾನ ಮಾಡಿದರೆ, ನನ್ನ ತಂಗಿಗೇ ವಾಸಿಯಾಗಿದೆ ಬನ್ನಿ, ಅವಳನ್ನೇ ಕೇಳಿ ಎಂದು ಹಿಂದಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ನಾಗು ಹೊಲಿಗೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಹೂಂ, ಕಮ್ಮಿ ಆಗಿದೆ ಎನ್ನುತ್ತಿದ್ದಳು. ಅವರು ಕೊಂಡುಕೊಂಡು ಹೋಗುತ್ತಿದ್ದರು.

ಹಾಗೆ ಒಂದು ದಿನ ತ್ಯಾಗರಾಜನಗರದ ಟೀಚರೊಬ್ಬರನ್ನು ಕರೆದುಕೊಂಡು ಹೋದೆ. ಅವರಿಗೂ ಇಂಥದೇ ನೋವು. ನಾಗು ಎಂದಿನ ಮಾತು ಹೇಳಲಿಲ್ಲ. ಅವರ ಕಡೆ ತಿರುಗಿ ಕೇಳಿದಳು.

“ತಲೆ ಬಾಚ್ಕೊಳಕ್ಕೆ ಕೈ ಎತ್ತಿದ್ರೆ ಉರಿಯುತ್ತಾ ಮೇಡಂ?”

“ಹೂಂ. ಅರ್ಧ ಬಾಚಿ ಕೂತ್ಬಿಡ್ತೀನಿ.”

“ಮಾತಾಡ್ತಾ ಮಾತಾಡ್ತಾ ಏನ್ ಹೇಳ್ತಿದ್ದೆ ಅಂತಾನೇ ಮರ್ತೋಗುತ್ತಾ?”

ಟೀಚರು ಕಣ್ಣೊರೆಸಿಕೊಂಡರು. ನಾಗು ಅವರ ಕೈಯಲ್ಲಿದ್ದ ಪೊಟ್ಟಣವನ್ನು ತೆಗೆದು ನನ್ನ ಕೈಗಿಟ್ಟಳು.

“ತಗೋಬೇಡಿ ಮೇಡಂ. ನನಗೆ ಒಂದು ದಿನಾನೂ ಕಮ್ಮಿ ಆಗಿಲ್ಲ. ಊಟ ಮಾಡಕ್ಕೆ ಬಿಡ್ಲಿ ಅಂತ ಹಂಗಂದೆ.”

ನಾನು ಕೂಗಾಡಿದೆ. ಗಿರಾಕಿಯ ಮುಂದೆ ಮರ್ಯಾದೆ ಕಳೆದಳು, ಅನ್ನ ಹಾಕಿದ ಮನೆಗೆ ಎರಡು ಬಗೆದಳು ಎಂದೆಲ್ಲ ಅಂದೆ. ಅನ್ನ ಹಾಕಿದ ಮನೆಯಂತೆ. ಹುಳಿ ಮೊಸರು ಬಿಡಿಸಿ ಹಾಕಿದ ಅನ್ನ. ಟೀಚರು ಹೊರಡುವಾಗ ಅವಳ ಕೈ ಹಿಡಿದು, ತಮ್ಮ ಡಾಕ್ಟರು ಈ ನೋವಿಗೆ ಫೈಬ್ರೊಮಯಾಲ್ಜಿಯಾ ಎನ್ನುತ್ತಾರೆ, ನೀವೂ ಬನ್ನಿ ಎಂದರು. ಡಾಕ್ಟರು ಹೇಳಿದ್ದು ನಿಧಾನದ ದಾರಿ, ನೋವು ಬೇಗ ಹೋಗಲಿ ಎಂಬ ಆಸೆಗೆ ನಿಮ್ಮ ಅಂಗಡಿ ಹತ್ತಿದೆ ಎಂದು ನನ್ನ ಕಡೆ ನೋಡಿ ಹೇಳಿದರು.

ಆ ಹೆಸರನ್ನು ಫೋನಿಗೆ ಹೇಳಿ ಹುಡುಕಿದೆ. ಒಳ್ಳೆಯ ಮನಸ್ಸಿನಿಂದಲ್ಲ, ಅದೆಲ್ಲ ಸುಳ್ಳು ಎಂದು ತೋರಿಸಲು. ಈ ಸಲ ಏನನ್ನೂ ಮಾರದ ವೈದ್ಯರೊಬ್ಬರ ಮಾತು ಸಿಕ್ಕಿತು. ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ, ಒಂದು ದಿನ ಚೆನ್ನಾಗಿದ್ದು ಮರುದಿನ ಏಳಲಾಗದೆ ಹೋಗುವುದುಂಟು, ಮನೆಯವರು ನಂಬದಿರುವುದೇ ಇವರಿಗೆ ದೊಡ್ಡ ಕಷ್ಟ ಎನ್ನುತ್ತಿದ್ದರು ಆತ. ನಾನು ಫೋನು ಆಫ್ ಮಾಡಿದೆ. ಅವರಿಗೆ ನಮ್ಮ ಮನೆಯ ವಿಷಯ ಯಾರು ಹೇಳಿದರು ಎಂದು ಕೋಪ ಬಂದಿತ್ತು.

ಟೀಚರು ಹೇಳಿದ ಆಸ್ಪತ್ರೆಗೆ ನಾಗು ಹೊರಟಾಗ ನಾನೂ ಹೋದೆ. ಡಾಕ್ಟರಮ್ಮ ಎಲ್ಲಿ ನೋವು ಎಂದು ನಾಗುವನ್ನು ಕೇಳಿದರು. ಅಭ್ಯಾಸಬಲ, ನಾನೇ ಹೇಳಲು ಶುರುಮಾಡಿದೆ. ಅವರು ನನ್ನನ್ನು ತಡೆದು, ನೋವು ನಿಮಗಾ ಅವರಿಗಾ ಎಂದರು. ಬಾಯಿ ಮುಚ್ಚಿ ಕೂತೆ. ನಾಗು ಹೇಳಿದಳು. ಅದರಲ್ಲಿ ಅರ್ಧಕ್ಕರ್ಧ ನಾನು ಮೊದಲ ಸಲ ಕೇಳುತ್ತಿದ್ದೆ. ಒಂದೇ ಸೂರಿನಡಿ ಇದ್ದುಕೊಂಡು.

ಪವಾಡವೇನೂ ಆಗಲಿಲ್ಲ. ಒಂದು ಮಾತ್ರೆ, ಬಿಸಿನೀರಿನ ಸ್ನಾನ, ಹೊತ್ತಿಗೆ ಸರಿಯಾಗಿ ಮಲಗುವುದು, ದಿನಾ ಸ್ವಲ್ಪ ನಡೆದು ನಿಧಾನವಾಗಿ ಹೆಚ್ಚಿಸುವುದು. ನೋವು ಪೂರ್ತಿ ಹೋಗದಿರಬಹುದು ಎಂದೂ ಹೇಳಿದರು. ಪಥ್ಯ ಏನು ಮಾಡ್ಬೇಕು ಎಂದು ನಾನು ಕೇಳಿದೆ, ನಾಚಿಕೆಯಿಲ್ಲದವನು. ಕಾಫಿ ಸಂಜೆ ಮೇಲೆ ಬೇಡ, ನಿದ್ದೆ ಕೆಡುತ್ತೆ, ಬಾಕಿ ಏನು ಬೇಕೋ ತಿನ್ನಲಿ ಎಂದರು. ಬದನೆಕಾಯಿ, ಮೊಸರು, ಹುಳಿ. ಅಷ್ಟು ದಿನ ಅವಳ ತಟ್ಟೆಯಿಂದ ನಾನು ಕಿತ್ತುಕೊಂಡದ್ದಕ್ಕೆಲ್ಲ ಅರ್ಥವೇ ಇರಲಿಲ್ಲ.

ಈಗ ನಾಗು ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಕೂರುತ್ತಾಳೆ. ಒಂದು ದಿನ ಪರವಾಗಿಲ್ಲ, ಒಂದು ದಿನ ಆಗುವುದಿಲ್ಲ. ಆಗದ ದಿನ ಆಗಲ್ಲ ಎನ್ನುತ್ತಾಳೆ. ಆದರೆ ನೋವು ಎಲ್ಲಿ, ಎಷ್ಟು ಎಂಬುದನ್ನು ನನ್ನ ಹೆಂಡತಿಗೆ ಹೇಳುತ್ತಾಳೆ, ಟೀಚರಿಗೆ ಫೋನು ಮಾಡಿ ಹೇಳುತ್ತಾಳೆ, ನನಗೆ ಹೇಳುವುದಿಲ್ಲ. ನಾನು ಕೇಳಿದರೆ ‘ಪರವಾಗಿಲ್ಲ ಅಣ್ಣ’ ಎನ್ನುತ್ತಾಳೆ. ‘ಕಮ್ಮಿ ಆಗಿದೆ ಅಣ್ಣ’ ಎಂದ ದನಿಯಲ್ಲೇ. ಹಣ್ಣು ತಂದುಕೊಟ್ಟೆ, ಕೂರಲು ಮೆತ್ತನೆಯ ಕುರ್ಚಿ ತಂದುಕೊಟ್ಟೆ. ಮತ್ತೆ ಕೊಡುವುದಕ್ಕೇ ಹೊರಟಿದ್ದೆ. ತಂಗಿಯ ಮುಂದೆ ಅಣ್ಣ ತಪ್ಪೊಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ಕಂಡು ಕೇಳಿದ್ದಲ್ಲ.

ಪುಡಿ ಮಾರುವುದನ್ನು ನಿಲ್ಲಿಸಿದ್ದೆ, ಏಕೆ ನಿಲ್ಲಿಸಿದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಸ್ಟಾಕಿಲ್ಲ ಎನ್ನುತ್ತಿದ್ದೆ. ಇವತ್ತು ಮಧ್ಯಾಹ್ನ ಹಿಂದೆ ಪುಡಿ ಕೊಂಡಿದ್ದ ಒಬ್ಬ ಅಜ್ಜಿ ಬಂದರು. ನೋವು ಹಾಗೇ ಇದೆ, ನಾನೇ ಪಥ್ಯ ಸರಿಯಾಗಿ ಮಾಡಲಿಲ್ಲವೇನೋ, ಇನ್ನೊಂದು ಪೊಟ್ಟಣ ಕೊಡಪ್ಪ ಎಂದರು. ನನ್ನ ಬಾಯಿಗೆ ಸ್ಟಾಕಿಲ್ಲ ಎಂಬ ಮಾತು ತಾನಾಗಿಯೇ ಬಂತು. ನಾಗು ನನ್ನ ಕಡೆ ತಿರುಗಿದಳು.

“ಸ್ಟಾಕ್ ಬಂದ್ರೆ ಮಾರ್ತೀಯಾ ಅಣ್ಣ?”

ದನಿಯಲ್ಲಿ ಸಿಟ್ಟಿತ್ತು. ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದು ಇದೇ ಮೊದಲು. ಎಲ್ಲೋ ಒಂದು ಕಡೆ ಜೀವಕ್ಕೆ ನೆಮ್ಮದಿಯಾಯಿತು. ಗಲ್ಲಾ ಬಿಟ್ಟು ಎದ್ದೆ. ಅಜ್ಜಿಗೆ ನೇರವಾಗಿಯೇ ಹೇಳಿದೆ.

“ಇಲ್ಲಮ್ಮ, ಸ್ಟಾಕ್ ವಿಷಯ ಅಲ್ಲ. ನೀವೇನೂ ತಪ್ಪು ಮಾಡಿಲ್ಲ. ಆ ಪುಡಿಯಿಂದ ಇವಳಿಗೂ ಏನೂ ಕಮ್ಮಿ ಆಗ್ಲಿಲ್ಲ. ಇವಳ ಕೈಲಿ ಸುಳ್ಳು ಹೇಳಿಸಿ ನಿಮಗೆ ಮಾರ್ದೆ.” ಆಮೇಲೆ ನನ್ನ ತಂಗಿಯ ಕಡೆ ತಿರುಗಿದೆ. “ತಪ್ಪಾಯ್ತು ನಾಗು. ನೀನು ನೋವು ಅಂದೆ, ನಾನು ನಂಬ್ಲಿಲ್ಲ. ಕ್ಷಮಿಸ್ಬಿಡಮ್ಮ.”