ಓಡುವ ಮನೆಯ ಗೃಹಪ್ರವೇಶ

ಹಾಲು ಉಕ್ಕುವ ಮೊದಲೇ ವ್ಯಾನು ಹೊರಟುಬಿಟ್ಟಿತು. ಅದರ ಯಜಮಾನರಾದ ನನ್ನ ಭಾವ ರಸ್ತೆಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು. ಒಳಗೆ ಗ್ಯಾಸ್ ಒಲೆಯ ಮುಂದೆ ಅವರ ವಯಸ್ಸಾದ ತಾಯಿ ಒಬ್ಬರೇ ಇದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಭಾವ ಹಳೆಯ ವ್ಯಾನಿಗೆ ಮೇಟಗಳ್ಳಿಯ ಗ್ಯಾರೇಜೊಂದರಲ್ಲಿ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಅದಕ್ಕೆ ‘ಓಡುವ ಮನೆ’ ಎಂದು ಹೆಸರಿಟ್ಟಿದ್ದರು. ಮನೆಯಾದ್ದರಿಂದ ಹಾಲು ಉಕ್ಕಿಸಬೇಕು, ಗಾಡಿಯಾದ್ದರಿಂದ ಗಾಲಿಯಡಿ ನಿಂಬೆಹಣ್ಣು ಇಡಬೇಕು. ಯಾದವಗಿರಿಯ ಅವರ ಮನೆ ಮುಂದೆ ಸಮತಟ್ಟಾದ ಜಾಗವಿತ್ತು. ಆದರೆ ವ್ಯಾನಿನ ಬಾಗಿಲು ಪೂರ್ವಕ್ಕೇ ಇರಬೇಕೆಂದು ವಾಸ್ತು ಪಂಡಿತರಾದ ನಮ್ಮ ಭಾವ ಅದನ್ನು ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸಿದ್ದರು.

“ಗಾಲಿಗೆ ಕಲ್ಲು ಕೊಡಿ ಭಾವ” ಎಂದು ನಾನು ಮೊದಲೇ ಹೇಳಿದ್ದೆ.

“ಒಳ್ಳೆ ದಿನ ಕಲ್ಲುಗಿಲ್ಲು ಅನ್ಬೇಡ ಕಣಮ್ಮ. ನಿಂಬೆಹಣ್ಣು ಇಟ್ಟಿದೀನಲ್ಲ.”

ನಿಂಬೆಹಣ್ಣು ಅಪ್ಪಚ್ಚಿಯಾಯಿತು. ವ್ಯಾನು ಉರುಳಿಕೊಂಡು ಹೋಗಿ ಹೊಂಗೆಮರಕ್ಕೆ ಗುದ್ದಿ ನಿಂತಿತು. ಓಡಿಹೋಗಿ ನೋಡಿದರೆ ಅವರ ತಾಯಿ ಒಲೆ ಆರಿಸಿ ಮಂಚ ಹಿಡಿದು ಕೂತಿದ್ದರು, ಸೀರೆಯೆಲ್ಲ ಹಾಲು. ಭಾವ ಏದುಸಿರು ಬಿಡುತ್ತಾ ಬಂದು ಕೇಳಿದ ಮೊದಲ ಮಾತು: “ಅಮ್ಮ, ಹಾಲು ಪೂರ್ವಕ್ಕೇ ಚೆಲ್ತಾ?”

ಆಮೇಲೆ ಅದೇ ವ್ಯಾನಿನಲ್ಲಿ ಊಟಿ, ಕೊಡಗು ಎಲ್ಲ ಸುತ್ತಿದೆವು. ಎಲ್ಲಿ ನಿಂತರೂ ಆ ತಾಯಿ ಮೊದಲು ಇಳಿದು ಗಾಲಿಗೆ ಕಲ್ಲು ಕೊಡುತ್ತಿದ್ದರು. ಮಗರಾಯ ಮಾತ್ರ ಅಷ್ಟು ಹೊತ್ತೂ ಪೂರ್ವ ಯಾವ ಕಡೆಗಿದೆ ಎಂದು ಹುಡುಕುತ್ತಿದ್ದರು.